ಜೀವ ಉಳಿದರೆ ಸಾಕು ಎನ್ನುವವರಿಗೆ

"ತಾಯಿ, ಮಗು ಇಬ್ಬರೂ ಕ್ಷೇಮವಾಗಿದ್ದಾರಲ್ಲ, ಇನ್ನೇನು ಬೇಕು?" ಹೆರಿಗೆ ವಾರ್ಡಿನಲ್ಲಿ ಬೈಗುಳ ಕೇಳಿದವಳು, ತೊಡೆಯ ಮೇಲೆ ಏಟು ತಿಂದವಳು, ರಾತ್ರಿಯೆಲ್ಲ ಒಬ್ಬಳೇ ನರಳಿದವಳು ಮನೆಗೆ ಬಂದು ಬಾಯಿಬಿಟ್ಟರೆ ಸಿಗುವ ಉತ್ತರ ಇದು. ಅತ್ತೆ ಹೀಗೆನ್ನುತ್ತಾರೆ, ಡಾಕ್ಟರು ಹೀಗೆನ್ನುತ್ತಾರೆ, ಆರೋಗ್ಯ ಇಲಾಖೆಯ ಅಧಿಕಾರಿಗಳು ಅಂಕಿ ಅಂಶದ ಹಾಳೆ ಹಿಡಿದು ಇದನ್ನೇ ಇನ್ನಷ್ಟು ಗಂಭೀರವಾಗಿ ಹೇಳುತ್ತಾರೆ. ಹೆರುವ ಹೊತ್ತಿನಲ್ಲಿ ಹೆಣ್ಣಿನ ಪಕ್ಕ ಒಬ್ಬಳು ಇರಲೇಬೇಕು, ಬಸಿರಿನಿಂದ ಬಾಣಂತನದವರೆಗೆ ಅವಳ ಮೈಯನ್ನೂ ಮನಸ್ಸನ್ನೂ ಒಟ್ಟಿಗೆ ನೋಡಿಕೊಳ್ಳುವ ವ್ಯವಸ್ಥೆ ಬೇಕು ಎಂದು ಯಾರಾದರೂ ಕೇಳಿದರೆ, "ಅದೆಲ್ಲ ಬೆಂಗಳೂರಿನ ದುಡ್ಡಿದ್ದವರ ಶೋಕಿ. ಬಡವರಿಗೆ ಮೊದಲು ಆಸ್ಪತ್ರೆ ಬೇಕು, ಡಾಕ್ಟರು ಬೇಕು, ರಕ್ತ ಬೇಕು" ಎಂದು ಬಾಯಿ ಮುಚ್ಚಿಸುತ್ತಾರೆ.

ಈ ವಾದದಲ್ಲಿ ಕರುಣೆ ಇಲ್ಲ ಎಂದು ದೂರುವವರಿದ್ದಾರೆ. ನನ್ನ ದೂರು ಅದಕ್ಕಿಂತ ದೊಡ್ಡದು. ಇದು ತಪ್ಪು ವಾದ. ಜೀವ ಉಳಿಸುವುದು ಮೊದಲು, ಜೊತೆಗಿರುವುದು ಆಮೇಲೆ ಎಂದು ಸರದಿ ಹಚ್ಚಿದವರು ಹೆರಿಗೆ ಕೋಣೆಯೊಳಗೆ ಜೀವ ಹೇಗೆ ಉಳಿಯುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ನೋಡಿಲ್ಲ. ಪಕ್ಕದಲ್ಲಿ ಒಬ್ಬಳು ಇರುವುದು ಜೀವ ಉಳಿಸುವ ಕೆಲಸದ್ದೇ ಒಂದು ಭಾಗ. ಅದನ್ನು ಬಡ ಹೆಂಗಸಿಗೆ ಕೊಡದಿರುವುದು ಬಡತನದಿಂದಲ್ಲ, ನಮ್ಮ ನಿರ್ಧಾರದಿಂದ.

ಆಸ್ಪತ್ರೆಯ ಹೆರಿಗೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. 2005ರಲ್ಲಿ ಬಂದ ಜನನಿ ಸುರಕ್ಷಾ ಯೋಜನೆ, ತಾಯಿ ಭಾಗ್ಯ, ಮಡಿಲು ಕಿಟ್, 2008ರಿಂದ ಓಡತೊಡಗಿದ 108 ಆಂಬುಲೆನ್ಸ್, ಎಲ್ಲಕ್ಕಿಂತ ಹೆಚ್ಚಾಗಿ ಮಳೆ ಬಿಸಿಲೆನ್ನದೆ ಮನೆಮನೆ ಅಲೆದ ಆಶಾ ಕಾರ್ಯಕರ್ತೆಯರು ಈ ಸಾವುಗಳನ್ನು ತಡೆದರು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ 2018-20ರ ಪಟ್ಟಿಯಲ್ಲಿ ಕೇರಳದ ಅಂಕಿ 19, ತೆಲಂಗಾಣದ್ದು 43, ಆಂಧ್ರದ್ದು 45, ತಮಿಳುನಾಡಿನದು 54. ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯ ಸ್ಥಾನ ನಮ್ಮದು. ಹೆಚ್ಚುಕಡಿಮೆ ಎಲ್ಲರೂ ಆಸ್ಪತ್ರೆಗೆ ಬಂದ ಮೇಲೂ ನಾವು ಹಿಂದಿದ್ದೇವೆಂದರೆ ಹೆಂಗಸರನ್ನು ಬಾಗಿಲವರೆಗೆ ಕರೆತರುವ ಕೆಲಸ ಮುಗಿದಿದೆ, ಬಾಗಿಲ ಒಳಗಿನ ಕೆಲಸ ಬಾಕಿ ಇದೆ ಎಂದೇ ಅರ್ಥ.

ಆ ಬಾಗಿಲ ಬಳಿಯೇ ನಡೆದ ಒಂದು ಸಾವನ್ನು ನೆನಪಿಸಬೇಕು. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ಅವಳಿ ಮಕ್ಕಳನ್ನು ಹೊತ್ತಿದ್ದ ಬಡ ಹೆಂಗಸೊಬ್ಬಳಿಗೆ ನೋವು ಕಾಣಿಸಿಕೊಂಡಿತು. ನೆರೆಹೊರೆಯವರು ಕೈಲಾದಷ್ಟು ದುಡ್ಡು ಕೂಡಿಸಿ ಜಿಲ್ಲಾಸ್ಪತ್ರೆಗೆ ಕರೆದೊಯ್ದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ಅಲ್ಲಿ ಸೇರಿಸಿಕೊಳ್ಳಲಿಲ್ಲ. ಮನೆಗೆ ವಾಪಸು ಬಂದವಳು ಅಲ್ಲೇ ಹೆತ್ತಳು, ಅವಳೂ ಸತ್ತಳು, ಎರಡು ಕೂಸುಗಳೂ ಸತ್ತವು. ಡಾಕ್ಟರನ್ನು, ನರ್ಸುಗಳನ್ನು ಅಮಾನತು ಮಾಡಿ ಸರ್ಕಾರ ತನ್ನ ಕರ್ತವ್ಯ ಮುಗಿಸಿತು.

ಬಡವರಿಗೆ ಮೊದಲು ಆಸ್ಪತ್ರೆ ಬೇಕು ಎನ್ನುವವರು ಇದಕ್ಕೆ ಉತ್ತರ ಕೊಡಲಿ. ಅವಳು ಆಸ್ಪತ್ರೆಗೆ ಬಂದಿದ್ದಳು. ಅಲ್ಲಿ ಡಾಕ್ಟರಿದ್ದರು, ಹಾಸಿಗೆಯಿತ್ತು. ಇಲ್ಲದಿದ್ದದ್ದು ಒಳಗೆ ಅವಳ ಕಡೆಯವರು ಎನ್ನಬಹುದಾದ ಒಬ್ಬ ವ್ಯಕ್ತಿ. ಕಾರ್ಡು ಆಮೇಲೆ ನೋಡೋಣ, ಮೊದಲು ಇವಳನ್ನು ಮಲಗಿಸಿ ಎಂದು ಹೇಳುವುದೇ ಕೆಲಸವಾಗಿರುವ ಒಬ್ಬಳು ಅಲ್ಲಿ ಇದ್ದಿದ್ದರೆ ಮೂರು ಜೀವ ಹೋಗುತ್ತಿರಲಿಲ್ಲ. ಅಂಥವಳನ್ನು ಶೋಕಿ ಎನ್ನಲು ನಾಲಗೆ ಹೇಗೆ ಹೊರಳುತ್ತದೆ?

ಬಾಗಿಲ ಒಳಗೆ ನಡೆಯುವುದನ್ನು ಹೆತ್ತ ಹೆಂಗಸರೆಲ್ಲ ಬಲ್ಲರು, ಹೊರಗೆ ಆಡುವುದಿಲ್ಲ. ನೋವು ಶುರುವಾದವಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಾರೆ. ಅವಳ ಅಮ್ಮ, ಅಕ್ಕ, ಊರಿಂದ ಜೊತೆಗೆ ಬಂದ ಆಶಾ ಕಾರ್ಯಕರ್ತೆ ಎಲ್ಲರೂ ವರಾಂಡದ ಬೆಂಚಿನ ಮೇಲೆ. ಒಳಗೆ ಸಾಲಾಗಿ ಹಾಕಿದ ಮೇಜುಗಳು, ನಡುವೆ ಪರದೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅಂಗಾತ ಮಲಗಿಯೇ ಇರಬೇಕು. ಎದ್ದು ಓಡಾಡಿದರೆ ನೋವು ತಡೆಯುವುದು ಸುಲಭ, ಮಗು ಕೆಳಗಿಳಿಯುವುದೂ ಸುಲಭ ಎಂಬುದು ಹಳ್ಳಿಯ ಅಜ್ಜಿಗೂ ಗೊತ್ತು, ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಆದರೂ ಏಳುವಂತಿಲ್ಲ. ಎಷ್ಟು ಬೆರಳು ಬಿಟ್ಟಿದೆ ಎಂದು ನೋಡಲು ಹೇಳದೆ ಕೇಳದೆ ಕೈಹಾಕುತ್ತಾರೆ. ಬೋಧನಾ ಆಸ್ಪತ್ರೆಯಾದರೆ ಒಬ್ಬರಾದ ಮೇಲೊಬ್ಬರು. ನೋವು ಬರಲೆಂದು ಡ್ರಿಪ್ ಏರಿಸುತ್ತಾರೆ, ಏಕೆಂದು ಹೇಳುವುದಿಲ್ಲ. ತಡೆಯಲಾರದೆ ಕೂಗಿದರೆ "ಗಂಡನ ಹತ್ತಿರ ಹೋಗುವಾಗ ಗೊತ್ತಿರಲಿಲ್ವಾ?" ಎಂಬ ಮಾತು. ಈ ಮಾತನ್ನು ಬೀದರಿನವಳೂ ಕೇಳಿದ್ದಾಳೆ, ಚಾಮರಾಜನಗರದವಳೂ ಕೇಳಿದ್ದಾಳೆ. ಯಾವ ನರ್ಸಿಂಗ್ ಕಾಲೇಜಿನ ಪುಸ್ತಕದಲ್ಲೂ ಇಲ್ಲದ ಈ ವಾಕ್ಯ ರಾಜ್ಯದ ಉದ್ದಗಲಕ್ಕೂ ಒಂದೇ ರೂಪದಲ್ಲಿ ಹಬ್ಬಿದೆ.

ನರ್ಸುಗಳನ್ನು ದೂರಿ ಕೈತೊಳೆದುಕೊಳ್ಳುವುದೂ ಅನ್ಯಾಯವೇ. ತಾಲ್ಲೂಕು ಆಸ್ಪತ್ರೆಯ ಸಿಸ್ಟರ್ ಒಬ್ಬರು ನನಗೆ ಹೇಳಿದ್ದು ಹೀಗೆ: "ನೈಟ್ ಡ್ಯೂಟಿಲಿ ನಾನೊಬ್ಬಳೇ ಇರ್ತೀನಿ ಮೇಡಂ, ಜೊತೆಗೊಬ್ಬರು ಆಯಾ. ಒಳಗೆ ಮೂರು ಜನ ನೋವು ತಿಂತಿರ್ತಾರೆ, ಈಚೆ ವಾರ್ಡಲ್ಲಿ ಬಾಣಂತೀರು, ಮಧ್ಯದಲ್ಲಿ ರಿಜಿಸ್ಟರ್ ಬರೀಬೇಕು, ಫೋನ್ ಎತ್ತಬೇಕು. ನಾನು ಯಾರ ಕೈ ಹಿಡ್ಕೊಂಡು ಕೂರ್ಲಿ ಹೇಳಿ?" ಅವರ ಪ್ರಶ್ನೆ ನ್ಯಾಯವಾದದ್ದು. ಕೈ ಹಿಡಿದು ಕೂರಲು ಇನ್ನೊಬ್ಬರು ಬೇಕು, ಅದನ್ನೇ ನಾನೂ ಹೇಳುತ್ತಿರುವುದು.

ಕೈ ಹಿಡಿದು ಕೂರುವುದೆಂದರೆ ನಾಲ್ಕು ಸಮಾಧಾನದ ಮಾತು ಅಷ್ಟೇ ಎಂದುಕೊಂಡವರು ಹೆರಿಗೆಯಾದ ಮೇಲಿನ ಎರಡು ತಾಸುಗಳನ್ನು ಯೋಚಿಸಲಿ. ನಮ್ಮ ದೇಶದಲ್ಲಿ ಬಾಣಂತಿಯರ ಸಾವಿಗೆ ಮೊದಲ ಕಾರಣ ರಕ್ತಸ್ರಾವ. ಮಗು ಬಂತು, ಮಾಸು ಬಿತ್ತು, ಹೊಲಿಗೆ ಹಾಕಿ ಆಯಿತು ಎಂದು ಸಿಸ್ಟರ್ ಪಕ್ಕದ ಮೇಜಿಗೆ ಓಡಿರುತ್ತಾರೆ. ಇಲ್ಲಿ ಬಟ್ಟೆ ನೆನೆಯುತ್ತಿರುತ್ತದೆ, ಬಾಣಂತಿಯ ಮುಖ ಬಿಳಿಚಿಕೊಳ್ಳುತ್ತಿರುತ್ತದೆ, ಅವಳಿಗೆ ಕೂಗಲು ತ್ರಾಣವಿಲ್ಲ. ಪಕ್ಕದಲ್ಲಿ ಕೂತವಳಿದ್ದರೆ ಮೊದಲು ನೋಡುವವಳು ಅವಳು, ಎದ್ದು ಹೋಗಿ ಕರೆಯುವವಳು ಅವಳು. ಬಿಪಿ ಏರಿ ತಲೆನೋವು, ಕಣ್ಣು ಮಂಜು ಎನ್ನುವವಳ ಮಾತನ್ನು ಕೇಳಿಸಿಕೊಳ್ಳುವವಳೂ ಅವಳೇ. ಮೊದಲ ಹೆರಿಗೆಯಲ್ಲಿ ಬೈಸಿಕೊಂಡವಳು ಎರಡನೆಯ ಸಲ ತೀರಾ ನೋವು ಬರುವತನಕ ಮನೆಯಲ್ಲೇ ಉಳಿದು ತಡವಾಗಿ ಬರುತ್ತಾಳೆ ಎಂಬುದನ್ನು ಯಾವ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಹೇಳುತ್ತಾರೆ. ಆ ತಡವೇ ಸಾವು. ಘನತೆಯನ್ನು ಆಮೇಲೆ ನೋಡೋಣ ಎಂದವರು ಆ ತಡಕ್ಕೆ ಹೊಣೆ ಹೊರಬೇಕು.

ಡೌಲಾ ಎಂದು ಈಗ ಕರೆಯುತ್ತಿರುವುದು ಇಂಥ ಜೊತೆಗಾತಿಯನ್ನು. ಅವಳು ಡಾಕ್ಟರಲ್ಲ, ಹೆರಿಗೆ ಮಾಡಿಸುವವಳೂ ಅಲ್ಲ. ಒಳಪರೀಕ್ಷೆ ಮಾಡುವುದಿಲ್ಲ, ಔಷಧಿ ಕೊಡುವುದಿಲ್ಲ. ಬಸಿರಿನಲ್ಲೇ ಪರಿಚಯವಾಗಿ, ನೋವಿನುದ್ದಕ್ಕೂ ಬಿಟ್ಟು ಕದಲದೆ, ಸೊಂಟ ನೀವಿ, ನೀರು ಕುಡಿಸಿ, ಉಸಿರಾಟ ಹೇಳಿಕೊಟ್ಟು, ಡಾಕ್ಟರು ಹೇಳಿದ್ದನ್ನು ಅವಳಿಗೂ ಅವಳು ಹೇಳಲಾರದ್ದನ್ನು ಡಾಕ್ಟರಿಗೂ ತಿಳಿಸಿ, ಬಾಣಂತನದಲ್ಲಿ ಹಾಲೂಡಿಸಲು ನೆರವಾಗುವವಳು. ಇದು ವಿದೇಶದ ಶ್ರೀಮಂತರ ಹವ್ಯಾಸ ಎಂದು ತಳ್ಳಿಹಾಕುವವರು ಇದರ ಪರಿಣಾಮವನ್ನು ಮೊದಲು ಅಳೆದದ್ದು ಎಲ್ಲಿ ಎಂದು ತಿಳಿದುಕೊಳ್ಳಲಿ. ಮಾರ್ಷಲ್ ಕ್ಲಾಸ್, ಜಾನ್ ಕೆನೆಲ್ ಎಂಬ ಮಕ್ಕಳ ವೈದ್ಯರು ತಮ್ಮ ಸಂಗಡಿಗರ ಜೊತೆ ಅಧ್ಯಯನ ನಡೆಸಿದ್ದು ಗ್ವಾಟೆಮಾಲದ ಕಿಕ್ಕಿರಿದ ಸಾಮಾಜಿಕ ಭದ್ರತಾ ಆಸ್ಪತ್ರೆಯಲ್ಲಿ. ಅಲ್ಲಿಯೂ ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಮೊದಲು ಮುಖವನ್ನೂ ನೋಡಿರದ ಒಬ್ಬ ಸಾಮಾನ್ಯ ಹೆಂಗಸನ್ನು ಕೆಲವರ ಪಕ್ಕ ಕೂರಿಸಿದರು. 1980ರಲ್ಲಿ ಪ್ರಕಟವಾದ ಫಲಿತಾಂಶ: ತೊಡಕಿಲ್ಲದ ಹೆರಿಗೆಗಳಲ್ಲಿ ಜೊತೆಗಾತಿ ಇದ್ದವರಿಗೆ ಆಸ್ಪತ್ರೆ ಸೇರಿದಲ್ಲಿಂದ ಹೆರಿಗೆಯವರೆಗೆ ಹಿಡಿದ ಸಮಯ ಸರಾಸರಿ 8.8 ಗಂಟೆ, ಇಲ್ಲದವರಿಗೆ 19.3 ಗಂಟೆ.

ಅಮೆರಿಕದ ಹ್ಯೂಸ್ಟನ್ನಿನಲ್ಲಿ ಬಡವರು ಬರುತ್ತಿದ್ದ ಸಾರ್ವಜನಿಕ ಆಸ್ಪತ್ರೆಯಲ್ಲಿ ಇದೇ ತಂಡ ಚೊಚ್ಚಲ ಹೆರಿಗೆಗೆ ಬಂದ 616 ಹೆಂಗಸರನ್ನು ಮೂರು ಗುಂಪು ಮಾಡಿ ನೋಡಿತು. ಫಲಿತಾಂಶ 1991ರಲ್ಲಿ ಬಂತು. ಎಂದಿನಂತೆ ಬಿಟ್ಟವರಲ್ಲಿ ಸಿಸೇರಿಯನ್ ಶೇ 18, ಜೊತೆಗಾತಿ ಇದ್ದವರಲ್ಲಿ ಶೇ 8. ನನ್ನನ್ನು ಬಹಳ ಕಾಡಿದ್ದು ನಡುವಿನ ಗುಂಪು. ಅವರ ಕೋಣೆಯಲ್ಲಿ ಒಬ್ಬಳು ದೂರದಲ್ಲಿ ಕೂತು ಸುಮ್ಮನೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು. ಮುಟ್ಟಲಿಲ್ಲ, ಮಾತಾಡಲಿಲ್ಲ. ಅಲ್ಲಿ ಸಿಸೇರಿಯನ್ ಶೇ 13. ಮತ್ತೊಂದು ಹೆಣ್ಣುಜೀವ ಕೋಣೆಯಲ್ಲಿ ಇದ್ದದ್ದಕ್ಕೇ ಇಷ್ಟು ವ್ಯತ್ಯಾಸ. ಇದರಲ್ಲಿ ಪವಾಡವೇನಿಲ್ಲ. ಹೆದರಿದ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ. ಗರ್ಭಕೋಶ ಹಿಂಡಿ ಮಗುವನ್ನು ಕೆಳಗಿಳಿಸಲು ಬೇಕಾದ ಆಕ್ಸಿಟೋಸಿನ್‌ಗೆ ಅದು ಅಡ್ಡಬರುತ್ತದೆ. ಹೆದರಿಸಿ ಒಂಟಿಯಾಗಿ ಮಲಗಿಸಿ, ನೋವು ನಿಂತಿತೆಂದು ಡ್ರಿಪ್ ಏರಿಸಿ, ಅದೂ ಆಗಲಿಲ್ಲವೆಂದು ಕೊಯ್ಯುವುದು ನಮ್ಮ ರೂಢಿಯಾಗಿದೆ.

ಆಮೇಲೆ ಇಂಥ ಅಧ್ಯಯನಗಳು ಹಲವು ದೇಶಗಳಲ್ಲಿ ನಡೆದವು. 2017ರ ಕಾಕ್ರೇನ್ ವಿಮರ್ಶೆ 17 ದೇಶಗಳ 26 ಪ್ರಯೋಗಗಳನ್ನು, 15 ಸಾವಿರಕ್ಕೂ ಹೆಚ್ಚು ಹೆಂಗಸರ ಅನುಭವವನ್ನು ಒಟ್ಟಿಗೆ ತೂಗಿತು. ಬಿಡದೆ ಜೊತೆಗಿರುವವರು ಇದ್ದರೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಸುಮಾರು ಕಾಲುಭಾಗ ಕಡಿಮೆ, ನೋವಿನ ಅವಧಿ ಕಡಿಮೆ, ಹುಟ್ಟಿದ ಮಗುವಿನ ಸ್ಥಿತಿಯೂ ಮೇಲು ಎಂದು ಕಂಡುಬಂತು. ಕೇಡು ಏನೂ ಕಾಣಲಿಲ್ಲ. ಇಷ್ಟು ಗುಣ ತೋರಿದ, ಅಡ್ಡಪರಿಣಾಮವಿಲ್ಲದ ಮಾತ್ರೆಯೊಂದು ಇದ್ದಿದ್ದರೆ ಸರ್ಕಾರ ಅದನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ತುಂಬಿಡುತ್ತಿತ್ತು.

ನಮ್ಮಲ್ಲಿ ಕೊಯ್ಯುವುದು ಎಷ್ಟು ಸಲೀಸಾಗಿದೆ ನೋಡಿ. ಅದೇ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 31.5 ಹೆರಿಗೆಗಳು ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಶೇ 52.5, ಅಂದರೆ ಅರ್ಧಕ್ಕಿಂತ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ರಾಜ್ಯದ ಅಂಕಿ ಶೇ 23.6 ಇತ್ತು. ಇಡೀ ಜನಸಂಖ್ಯೆಯ ಮಟ್ಟದಲ್ಲಿ ಸಿಸೇರಿಯನ್ ಶೇ 10ನ್ನು ದಾಟಿದ ಮೇಲೆ ಸಾವು ಕಡಿಮೆಯಾಗುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಬೇಕಾದಾಗ ಸಿಸೇರಿಯನ್ ಜೀವ ಉಳಿಸುತ್ತದೆ, ಬೇಡವಾದಾಗ ಅದು ಒಂದು ದೊಡ್ಡ ಶಸ್ತ್ರಚಿಕಿತ್ಸೆ. ಅರಿವಳಿಕೆ, ರಕ್ತ, ಡ್ರಿಪ್, ಔಷಧ ಎಲ್ಲವೂ ಸರಿಯಿದ್ದರೆ ಮಾತ್ರ ಕ್ಷೇಮ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದವರಲ್ಲಿ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಬಿದ್ದದ್ದು ಅವರಿಗೆ ಏರಿಸಿದ ಡ್ರಿಪ್ ದ್ರಾವಣದ ಮೇಲೆ. ಜೊತೆಗಾತಿ ಇದ್ದಿದ್ದರೆ ಆ ಐವರು ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಅನಗತ್ಯವಾಗಿ ಕೊಯ್ಯಿಸಿಕೊಳ್ಳುವ ಪ್ರತಿ ಹೆಂಗಸನ್ನೂ ಇಂಥ ಅಪಾಯಗಳ ಎದುರು ತಂದು ನಿಲ್ಲಿಸುತ್ತಿದ್ದೇವೆ ಎಂದು ಹೇಳುತ್ತೇನೆ.

ಇಷ್ಟು ಹೇಳಿದ ಮೇಲೆ ಆಡಳಿತದವರು ಜಾಗದ ಮಾತು ತೆಗೆಯುತ್ತಾರೆ. ಕೋಣೆ ಚಿಕ್ಕದು, ಬೇರೆ ಹೆಂಗಸರ ಮಾನಕ್ಕೆ ಕುಂದು, ಹೊರಗಿನವರು ಬಂದರೆ ಸೋಂಕು. ವಿದ್ಯಾರ್ಥಿಗಳ ತಂಡ ಮಂಚದ ಸುತ್ತ ನಿಂತಾಗ ಬಾರದ ಸೋಂಕು ಕೈಕಾಲು ತೊಳೆದು ಗೌನ್ ಹಾಕಿಕೊಂಡು ಬಂದ ಅಮ್ಮನಿಂದ ಹೇಗೆ ಬರುತ್ತದೆ? ಮಾನದ ಚಿಂತೆ ಇದ್ದರೆ ಮೇಜುಗಳ ನಡುವೆ ಪರದೆ ಕಟ್ಟಬೇಕು, ಅಮ್ಮನನ್ನು ಹೊರಗಟ್ಟುವುದಲ್ಲ. ಈ ತಕರಾರುಗಳನ್ನೆಲ್ಲ ಸರ್ಕಾರವೇ ಎಂದೋ ಬಗೆಹರಿಸಿಯೂ ಆಗಿದೆ. ತಮಿಳುನಾಡು 2004ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರುವವಳ ಪಕ್ಕ ಒಬ್ಬ ಹೆಂಗಸನ್ನು ಬಿಡತೊಡಗಿತು. ಕೇಂದ್ರ ಆರೋಗ್ಯ ಸಚಿವಾಲಯ 2016ರ ಫೆಬ್ರುವರಿಯಲ್ಲಿ ದೇಶದ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಹೆರಿಗೆ ಕೋಣೆಯೊಳಗೆ ಜೊತೆಗಾತಿಗೆ ಅವಕಾಶ ಕೊಡಿ ಎಂದು ತಿಳಿಸಿತು. 2017ರಲ್ಲಿ ಬಂದ ಲಕ್ಷ್ಯ ಕಾರ್ಯಕ್ರಮ ಪರದೆಯನ್ನೂ ಜೊತೆಗಾತಿಯನ್ನೂ ಗುಣಮಟ್ಟದ ಅಳತೆಗೋಲಾಗಿಸಿತು. 2019ರ ಸುಮನ್ ಯೋಜನೆ ಘನತೆಯ ಆರೈಕೆಯ ಭರವಸೆ ಕೊಟ್ಟಿತು. ಕಾಗದದ ಮೇಲೆ ಎಲ್ಲವೂ ಇದೆ. ಹಾಗಿದ್ದೂ ಅಮ್ಮ ವರಾಂಡದಲ್ಲೇ ಕೂತಿದ್ದಾರೆಂದರೆ ಅದಕ್ಕೆ ಕಾರಣ "ಜೀವ ಉಳಿದರೆ ಸಾಕು" ಎಂಬ ಈ ನಂಬಿಕೆಯೇ. ಮೇಲಿನವರು ಆದೇಶ ಹೊರಡಿಸುತ್ತಾರೆ, ಕೆಳಗಿನವರು ಅದನ್ನು ಬಿಡಬಹುದಾದ ಅಲಂಕಾರ ಎಂದು ಬಿಡುತ್ತಾರೆ, ಕೇಳಬೇಕಾದ ನಾವು ಕೇಳುವುದಿಲ್ಲ.

ಇತ್ತ ಬೆಂಗಳೂರಿನಲ್ಲಿ ಡೌಲಾ ಸಿಗುತ್ತಾಳೆ, ಹತ್ತಾರು ಸಾವಿರ ರೂಪಾಯಿ ಕೊಟ್ಟರೆ. ಬಸಿರಿಯರ ತರಗತಿಗಳಿವೆ, ನೀರಿನ ತೊಟ್ಟಿಗಳಿವೆ, ದೀಪದ ಬೆಳಕು ತಗ್ಗಿಸಿದ ಕೋಣೆಗಳಿವೆ. ಇದನ್ನು ನೋಡಿಯೇ ಜನ ಶೋಕಿ ಎನ್ನುವುದು. ಆದರೆ ಶ್ರೀಮಂತರು ಮಾತ್ರ ಕೊಳ್ಳುತ್ತಿದ್ದಾರೆ ಎಂಬುದರಿಂದ ಅದು ಶ್ರೀಮಂತರಿಗೆ ಮಾತ್ರ ಬೇಕಾದದ್ದು ಎಂದಾಗುವುದಿಲ್ಲ. ಬಡವಳಿಗೆ ಇದು ಹೆಚ್ಚು ಬೇಕು. ಡಾಕ್ಟರ ಜೊತೆ ಇಂಗ್ಲಿಷಿನಲ್ಲಿ ಮಾತಾಡಬಲ್ಲವಳು, ಗಂಡನ ಫೋನಿನಲ್ಲಿ ಇನ್ನೊಬ್ಬ ಡಾಕ್ಟರ ನಂಬರು ಇರುವವಳು ಹೇಗೋ ತನ್ನ ಮಾತು ನಡೆಸಿಕೊಳ್ಳುತ್ತಾಳೆ. ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದು ಬೆಂಗಳೂರಿನ ಶೆಡ್ಡಿನಲ್ಲಿ ಬಸಿರಾದವಳಿಗೆ ಅಮ್ಮನೂ ದೂರ, ಆಸ್ಪತ್ರೆಯ ಭಾಷೆಯೂ ದೂರ. ಕ್ಯಾಲಿಫೋರ್ನಿಯಾದಲ್ಲಿ 2023ರ ಜನವರಿಯಿಂದ ಬಡವರ ಸರ್ಕಾರಿ ವಿಮೆಯಾದ ಮೆಡಿ-ಕ್ಯಾಲ್ ಡೌಲಾಗಳ ಶುಲ್ಕ ಕೊಡುತ್ತಿದೆ. ಅದೇ ಕ್ಯಾಲಿಫೋರ್ನಿಯಾಕ್ಕೆ ಮೈಸೂರಿನ, ಹುಬ್ಬಳ್ಳಿಯ ಎಷ್ಟು ಜನ ಅಮ್ಮಂದಿರು ಮಗಳ ಬಾಣಂತನಕ್ಕೆಂದು ವೀಸಾ ಮಾಡಿಸಿಕೊಂಡು, ಅಂಟಿನುಂಡೆ ಕಟ್ಟಿಕೊಂಡು ಹಾರುತ್ತಾರೆ! ಹೆತ್ತವಳಿಗೆ ಜೊತೆ ಬೇಕು ಎಂಬುದು ನಮಗೆ ಚೆನ್ನಾಗಿ ಗೊತ್ತು. ನಮ್ಮ ಮಗಳ ವಿಷಯದಲ್ಲಿ ಗೊತ್ತಿರುವ ಈ ಸತ್ಯವನ್ನು ಮನೆಗೆಲಸದವಳ ಮಗಳ ವಿಷಯದಲ್ಲಿ ಮರೆಯುತ್ತೇವೆ.

ಇನ್ನೊಂದು ಕಡೆಯಿಂದಲೂ ಈ ಬೇಡಿಕೆಗೆ ಏಟು ಬೀಳುತ್ತಿದೆ. "ಹಿಂದೆಲ್ಲ ಮನೆಯಲ್ಲೇ ಹೆರುತ್ತಿರಲಿಲ್ಲವೇ, ಡಾಕ್ಟರೇ ಬೇಡ" ಎನ್ನುವ ಹೊಸ ಸಹಜವಾದಿಗಳು, ವಿಡಿಯೊ ನೋಡಿ ಮನೆಯಲ್ಲೇ ಹೆರಿಗೆ ಮಾಡಿಸಲು ಹೊರಟವರು. ಅವರ ಜೊತೆ ನನಗೆ ಯಾವ ಸಂಬಂಧವೂ ಬೇಡ. ಹಿಂದೆ ಮನೆಯಲ್ಲೇ ಹೆರುತ್ತಿದ್ದರು, ಮನೆಯಲ್ಲೇ ಸಾಯುತ್ತಿದ್ದರು. ನಮ್ಮ ಅಜ್ಜಿಯಂದಿರು ಹೆತ್ತ ಮಕ್ಕಳನ್ನೂ ಉಳಿದ ಮಕ್ಕಳನ್ನೂ ಬೇರೆ ಬೇರೆಯಾಗಿ ಎಣಿಸುತ್ತಿದ್ದರು. ನಾನು ಕೇಳುತ್ತಿರುವ ಸಮಗ್ರ ಆರೈಕೆಯಲ್ಲಿ ಆಪರೇಷನ್ ಥಿಯೇಟರೂ ರಕ್ತನಿಧಿಯೂ ಸೇರಿವೆ. ಅವನ್ನು ಬಿಟ್ಟರೆ ಅದು ಸಮಗ್ರವಲ್ಲ.

ಹಾಗೆಂದು ಹಳೆಯದರಲ್ಲಿ ಕಲಿಯಬೇಕಾದದ್ದೇ ಇಲ್ಲ ಎಂದಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ನಾಡಿಗೆಲ್ಲ ಹೆಸರಾದವರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರಿಗೆ ಶಾಲು ಹೊದಿಸಿದ ಸರ್ಕಾರ ಅವರಂಥ ಸಾವಿರಾರು ಹೆಂಗಸರನ್ನು ಏನು ಮಾಡಿತು? ಮೊದಲು ತರಬೇತಿ ಕೊಟ್ಟಿತು, ಆಮೇಲೆ ನಿಮ್ಮ ಕೆಲಸ ಅಪಾಯದ್ದು ಎಂದು ಮನೆಗೆ ಕಳಿಸಿತು. ಹೆರಿಗೆ ಮಾಡಿಸುವುದನ್ನು ತರಬೇತಾದ ನರ್ಸಿಗೆ, ಡಾಕ್ಟರಿಗೆ ಒಪ್ಪಿಸಿದ್ದು ಸರಿ. ಆದರೆ ಆ ಸೂಲಗಿತ್ತಿ ಮಾಡುತ್ತಿದ್ದ ಉಳಿದ ಕೆಲಸ, ರಾತ್ರಿಯಿಡೀ ಪಕ್ಕದಲ್ಲಿರುವುದು, ಸೊಂಟಕ್ಕೆ ಎಣ್ಣೆ ನೀವುವುದು, ಹೆರುವವಳ ಕಣ್ಣಿನಲ್ಲಿ ಭಯ ಕಂಡಾಗ ಗದರದೆ ಮಾತಾಡಿಸುವುದು, ಅದನ್ನು ಯಾರಿಗೂ ಒಪ್ಪಿಸಲಿಲ್ಲ. ಅನೇಕ ಊರುಗಳಲ್ಲಿ ಈ ಕೆಲಸ ಮಾಡುತ್ತಿದ್ದವರು ಕೆಳಜಾತಿಗಳ ಬಡ ಹೆಂಗಸರು. ಹೆರಿಗೆಯ ಮೈಲಿಗೆಯನ್ನು ಕೈಯಲ್ಲಿ ಎತ್ತಿದವರ ಬಳಿ ಜ್ಞಾನ ಇರಬಹುದೆಂದು ನಮ್ಮ ಆಡಳಿತಕ್ಕೆ ಹೊಳೆಯಲೇ ಇಲ್ಲ. ಊರಿನ ಎ.ಎನ್.ಎಂ. (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್) ಹೆಸರಿನಲ್ಲೇನೋ ಮಿಡ್‌ವೈಫ್ ಇದ್ದಾಳೆ. 1970ರ ದಶಕದಲ್ಲಿ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನಂತೆ ಅವಳನ್ನು ಬಹೂದ್ದೇಶ ಕಾರ್ಯಕರ್ತೆಯಾಗಿಸಿ ಲಸಿಕೆ, ಸಮೀಕ್ಷೆ, ಸಂತಾನಹರಣದ ಗುರಿಗಳನ್ನು ಹೊರಿಸಿದ ಮೇಲೆ ಹೆರಿಗೆ ಅವಳ ಕೈಬಿಟ್ಟಿತು. 2018ರಲ್ಲಿ ಕೇಂದ್ರ ಸರ್ಕಾರ 18 ತಿಂಗಳು ಹೆಚ್ಚುವರಿ ತರಬೇತಿ ಪಡೆದ ಸೂಲಗಿತ್ತಿ ನರ್ಸುಗಳ ಹೊಸ ಪಡೆ ಕಟ್ಟುವ ಮಾರ್ಗಸೂಚಿ ತಂದಿದೆ. ಒಳ್ಳೆಯದು. ಆದರೆ ತೊಡಕಿಲ್ಲದ ಹೆರಿಗೆಯನ್ನು ಸ್ವತಂತ್ರವಾಗಿ ನಡೆಸುವ ಅಧಿಕಾರವನ್ನು ವೈದ್ಯರು ಅವರಿಗೆ ಬಿಟ್ಟುಕೊಡದಿದ್ದರೆ ಅವರೂ ರಿಜಿಸ್ಟರು ಬರೆಯುತ್ತಾ ಕೂರುತ್ತಾರೆ.

ಬಾಣಂತನದ ಕಥೆ ಇನ್ನೂ ಕಡೆ. ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಸಲ ಮನೆಗೆ ಬರುತ್ತಾಳೆ. ಮಗುವಿನ ತೂಕ, ಮಗುವಿನ ಮೈಬಿಸಿ, ಮಗುವಿನ ಹೊಕ್ಕುಳು. ಹೆತ್ತವಳಿಗೆ ನಿದ್ದೆ ಬರುತ್ತಿದೆಯೇ, ಕಾರಣವಿಲ್ಲದೆ ಅಳು ಬರುತ್ತಿದೆಯೇ, ಮಗುವನ್ನು ಎತ್ತಿಕೊಳ್ಳಲೇ ಬೇಡವೆನಿಸುತ್ತಿದೆಯೇ ಎಂದು ಬಿಡುವು ಮಾಡಿಕೊಂಡು ಕೇಳುವವರು ಯಾರು? ಹೆರಿಗೆಯ ನಂತರದ ಖಿನ್ನತೆಯನ್ನು ಇಂದಿಗೂ ನಂಜು, ದೃಷ್ಟಿ, ಗಾಳಿ ಎಂದು ಕರೆದು ದೇವರ ಮುಂದೆ ಕೂರಿಸುವ ಮನೆಗಳಿವೆ. ಮೂರು ತಿಂಗಳ ಬಾಣಂತನ ತವರಿನಲ್ಲಿ ಅನುಕೂಲ ಇದ್ದವರಿಗೆ ಮಾತ್ರ. 26 ವಾರಗಳ ಹೆರಿಗೆ ರಜೆ ಸಂಘಟಿತ ವಲಯದವರಿಗೆ ಮಾತ್ರ. ಹೊಲದ ಕೂಲಿಯವಳಿಗೆ ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5 ಸಾವಿರ ರೂಪಾಯಿ, ಅದೂ ಅರ್ಜಿ, ಆಧಾರ್, ಬ್ಯಾಂಕ್ ಖಾತೆಯ ಹೆಸರು ಎಲ್ಲ ತಾಳೆಯಾದರೆ. ಅವಳು ಹಸಿ ಮೈಯಲ್ಲೇ ಕಳೆ ಕೀಳಲು ಹೋಗುತ್ತಾಳೆ.

ಕೊನೆಯ ಆಕ್ಷೇಪ ದುಡ್ಡಿನದು. ನಾನು ಕೇಳುತ್ತಿರುವುದು ಇಷ್ಟು: ಪ್ರತಿ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲೂ ಹಗಲು ರಾತ್ರಿ ಪಾಳಿಯಲ್ಲಿ ಇರುವಂತೆ ನಾಲ್ಕೈದು ಜನ ಜೊತೆಗಾತಿಯರನ್ನು ನೇಮಿಸಬೇಕು. ಆಯಾ ಊರಿನ, ಆಯಾ ಭಾಷೆಯ, ಹೆತ್ತು ಸಾಕಿ ಅನುಭವವಿರುವ ಹೆಂಗಸರು, ಹಳೆಯ ಸೂಲಗಿತ್ತಿಯರ ಮನೆಯವರು ಸಿಕ್ಕರೆ ಇನ್ನೂ ಒಳ್ಳೆಯದು. ಕೆಲವು ವಾರಗಳ ತರಬೇತಿ ಸಾಕು, ಗ್ವಾಟೆಮಾಲದ ಹೆಂಗಸರಿಗೆ ಅದೂ ಇರಲಿಲ್ಲ. ಒಂದು ಅನಗತ್ಯ ಸಿಸೇರಿಯನ್ ತಪ್ಪಿದರೆ ಉಳಿಯುವ ಔಷಧ, ಹಾಸಿಗೆ, ವೈದ್ಯರ ಸಮಯವನ್ನು ಲೆಕ್ಕ ಹಾಕಿದರೆ ಈ ಸಂಬಳ ದೊಡ್ಡದಲ್ಲ. ಆದರೆ ಸಂಬಳ ಎಂಬ ಮಾತನ್ನು ಒತ್ತಿ ಹೇಳಬೇಕು. ಸೇವೆ, ತಾಯಿತನ, ಪುಣ್ಯ ಎಂದು ಹೊಗಳಿ ಪುಡಿಗಾಸಿಗೆ ದುಡಿಸಿಕೊಳ್ಳುವ ಇನ್ನೊಂದು ಪಡೆ ನಮಗೆ ಬೇಡ. ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆಯಲು ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಹೆಣ್ಣು ಹೆಣ್ಣಿಗೆ ಮಾಡುವ ಆರೈಕೆ ಕೆಲಸವೇ ಅಲ್ಲ ಎಂದು ತಿಳಿದವರೇ ಹೆರಿಗೆ ಕೋಣೆಯಲ್ಲಿ ಜೊತೆಗಾತಿ ಬೇಡ ಎನ್ನುವವರೂ ಆಗಿದ್ದಾರೆ. ಎರಡೂ ಒಂದೇ ತಿರಸ್ಕಾರ.

ಸರ್ಕಾರ ಜೊತೆಗಾತಿಯರನ್ನು ನೇಮಿಸುವವರೆಗೆ ನಾವು ಕಾಯಬೇಕಿಲ್ಲ. ನಿಮ್ಮ ಮನೆಯ ಹೆಣ್ಣುಮಗಳು, ನಿಮ್ಮ ಮನೆಗೆಲಸದವಳು, ನಿಮ್ಮ ಓಣಿಯ ಬಸುರಿ ಹೆರಿಗೆಗೆ ಹೋದಾಗ ಜೊತೆಗೆ ಹೋಗಿ. ಬಾಗಿಲಲ್ಲಿ ತಡೆದರೆ ಜೊತೆಗಾತಿಯನ್ನು ಬಿಡಬೇಕೆಂದು 2016ರಲ್ಲೇ ಸರ್ಕಾರ ಹೇಳಿದೆ ಎಂದು ನೆನಪಿಸಿ. ಆಗುವುದಿಲ್ಲ ಎಂದರೆ ಆ ಮಾತನ್ನು ಬರೆದು ಕೊಡಿ ಎಂದು ಕೇಳಿ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇದೆ, ಅದರ ಬಳಿ ಹಣವಿದೆ. ಈ ತಿಂಗಳ ಸಭೆಯಲ್ಲಿ ಹೆರಿಗೆ ಕೋಣೆಗೆ ಪರದೆ, ಪ್ರತಿ ಮೇಜಿನ ಪಕ್ಕಕ್ಕೆ ಒಂದು ಕುರ್ಚಿ ಎಂದು ನಿರ್ಣಯ ಮಾಡಿಸಿ.